ನಾಲ್ಕನೇ ಮಹಡಿಯವರೆಗೆ ಮಾತ್ರ

ಸೇಡು ತೀರಿಸಿಕೊಂಡರೆ ಮನಸ್ಸಿಗೆ ನೆಮ್ಮದಿ ಸಿಗುವುದಿಲ್ಲ ಎಂದು ಉಪದೇಶ ಮಾಡುವವರು ಬಹುಶಃ ಸರಿಯಾಗಿ ಸೇಡು ತೀರಿಸಿಕೊಂಡವರಲ್ಲ. ಲಿಫ್ಟಮ್ಮನನ್ನು ಕೇಳಿ ನೋಡಿ. ಪ್ರತಿಭಾ ಕೇಂದ್ರದ ದೊಡ್ಡ ಮೇಡಂ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು, ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು, ನಾಲ್ಕನೇ ಮಹಡಿಯಿಂದ ಏಳನೆಯದಕ್ಕೆ ಹತ್ತುತ್ತ, ಆರರಲ್ಲಿ ಗೋಡೆಗೆ ಒರಗಿ ಏದುಸಿರು ಬಿಟ್ಟರಲ್ಲ, ಆ ಸೋಮವಾರ ಬೆಳಿಗ್ಗೆ ಅವಳ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ ಡಬ್ಬಿಯಲ್ಲಿ ತಂದ ತಿಂಡಿ ಸಂಜೆಯವರೆಗೆ ಹಾಗೇ ಉಳಿಯಿತು.

ಲಿಫ್ಟಮ್ಮ ಅವಳ ಹೆಸರೇನಲ್ಲ. ಲಿಫ್ಟ್ ಕಂಪನಿಯ ಇಪ್ಪತ್ತೆರಡು ಮೆಕ್ಯಾನಿಕ್‌ಗಳಲ್ಲಿ ಅವಳೊಬ್ಬಳೇ ಹೆಂಗಸು, ಹಾಗಾಗಿ ಬೀದಿಯ ಜನ ಇಟ್ಟ ಹೆಸರು. ಮೊದಮೊದಲು "ಏನಮ್ಮಾ, ಮೆಕ್ಯಾನಿಕ್ ಹಿಂದೆ ಬರ್ತಿದಾನಾ?" ಎಂದು ಕೇಳುತ್ತಿದ್ದವರು ಹದಿನಾರು ವರ್ಷದಲ್ಲಿ ತಮ್ಮ ಬಾಯಿ ತಾವೇ ಮುಚ್ಚಿಕೊಂಡಿದ್ದರು. ಒಂದೇ ಬೀದಿಯ ಆರು ಕಟ್ಟಡಗಳ ಲಿಫ್ಟುಗಳು ಅವಳ ಸುಪರ್ದಿಗೆ. ಅವುಗಳಲ್ಲಿ ಏಳು ಮಹಡಿಯ ಕಟ್ಟಡದ ತಾರಸಿಯಲ್ಲಿದ್ದ ಮೆಷಿನ್ ರೂಮಿನಲ್ಲೇ ಅವಳ ಸಾಮಾನಿನ ಬೀರು ಇತ್ತು. ಹಾಗಾಗಿ ದಿನಾ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅವಳ ಕೆಲಸ ಶುರುವಾಗುವುದು ಅಲ್ಲಿಂದಲೇ. ಅದೇ ಕಟ್ಟಡದ ಏಳನೇ ಮಹಡಿಯಲ್ಲಿ ಪ್ರತಿಭಾ ಕೇಂದ್ರದ ಕಚೇರಿ ಇದ್ದದ್ದು ಯಾರ ಅದೃಷ್ಟವೋ, ಯಾರ ದುರದೃಷ್ಟವೋ.

ಅವಳ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಚೂಟಿ ಎಂದು ಕರೆಯುತ್ತಿದ್ದರು. ಬಸ್ ಓಡಿಸುವ ಅಪ್ಪನಿಗೆ ರಜೆಯಿಲ್ಲದ ದಿನಗಳಲ್ಲಿ ಶಾಲೆಗೆ ರಜೆ ಬಂದರೆ ಚೂಟಿ ಅಮ್ಮನ ಜೊತೆ ಮೆಷಿನ್ ರೂಮಿಗೆ ಬರುತ್ತಿದ್ದಳು. ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಕೂತು, ಮೋಟಾರು ತಿರುಗುವುದನ್ನು ನೋಡುತ್ತ, ಒಂದರ ಹಿಂದೆ ಒಂದು ಪ್ರಶ್ನೆ ಹಾಕಿ ಅಮ್ಮನ ಜೀವ ತಿನ್ನುತ್ತಿದ್ದಳು. ಜನ ತುಂಬಿಕೊಂಡಾಗ ಲಿಫ್ಟಿಗೆ ಅದು ಹೇಗೆ ಗೊತ್ತಾಗುತ್ತೆ? ಕರೆಂಟ್ ಹೋದರೆ ಬ್ರೇಕ್ ಯಾಕೆ ತಾನೇ ಹಿಡಿಯುತ್ತೆ? ಎರಡು ಮಹಡಿಯವರು ಒಟ್ಟಿಗೆ ಬಟನ್ ಒತ್ತಿದರೆ ಯಾರದು ಮೊದಲು? ಉತ್ತರ ಕೇಳಿಸಿಕೊಂಡ ಮೇಲೆ "ಅದು ಸರಿ, ಆದ್ರೆ..." ಎಂದು ಇನ್ನೊಂದು ಶುರು ಮಾಡುವಳು. ಲಿಫ್ಟಿನ ವಿದ್ಯೆಯನ್ನು ಹುಡುಗಿ ಅರೆದು ಕುಡಿದಿದ್ದಳು ಎಂದರೂ ಸರಿಯೇ.

ಪ್ರತಿಭಾ ಕೇಂದ್ರದ ಪರೀಕ್ಷೆಗೆ ಅವಳ ಹೆಸರು ಕಳಿಸಿದ್ದು ಶಾಲೆಯ ಟೀಚರು. ಇನ್ನೂರು ಮಕ್ಕಳಲ್ಲಿ ಇಪ್ಪತ್ತು ಮಂದಿಯನ್ನು ಆರಿಸುತ್ತಾರೆ, ಆರಿಸಿದವರಿಗೆ ಪ್ರತಿ ಶನಿವಾರ ಬೇರೆಯೇ ಪಾಠ, ಪ್ರಯೋಗಶಾಲೆ, ಜೊತೆಗೆ ಒಂದು ದೊಡ್ಡ ದೂರದರ್ಶಕ. ಆ ದೂರದರ್ಶಕದ ಮಾತು ಕಿವಿಗೆ ಬಿದ್ದ ದಿನದಿಂದ ಚೂಟಿ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬರೆಯುವ ಪರೀಕ್ಷೆಯನ್ನು ಲೀಲಾಜಾಲವಾಗಿ ದಾಟಿದಳು. ಉಳಿದದ್ದು ಸಂದರ್ಶನ.

ಸಂದರ್ಶನದ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಲಿಫ್ಟಮ್ಮನಿಗೆ ಒಳಗಿನದೆಲ್ಲ ಕೇಳುತ್ತಿತ್ತು. ಒಳಗೆ ದೊಡ್ಡ ಮೇಡಂ, ಅವರ ಅಕ್ಕಪಕ್ಕ ತಲೆಯಾಡಿಸಲೆಂದೇ ಇಬ್ಬರು.

"ಒಬ್ಬ ಮನುಷ್ಯ ಹತ್ತನೇ ಮಹಡಿಯಲ್ಲಿ ಇರ್ತಾನೆ," ಎಂದರು ಮೇಡಂ. "ಬೆಳಿಗ್ಗೆ ಹತ್ತನೇ ಮಹಡಿಯಿಂದ ಲಿಫ್ಟಲ್ಲಿ ಕೆಳಗೆ ಬರ್ತಾನೆ. ಸಂಜೆ ವಾಪಸ್ ಬರುವಾಗ ಮಾತ್ರ ಏಳನೇ ಮಹಡಿಯಲ್ಲೇ ಇಳಿದು, ಉಳಿದ ಮೂರು ಮಹಡಿ ಮೆಟ್ಟಿಲು ಹತ್ತಿ ಹೋಗ್ತಾನೆ. ಯಾಕೆ?"

ಬೇರೆ ಮಕ್ಕಳು ಈ ಪ್ರಶ್ನೆಗೆ ತಲೆ ಕೆರೆದುಕೊಂಡಿರಬಹುದು. ಚೂಟಿಗೆ ಹಬ್ಬವಾಯಿತು.

"ಹೊರಗಿನ ಬಟನ್ ಸರಿ ಇದೆ, ಒಳಗಿನದು ಕೆಟ್ಟಿದೆ," ಎಂದಳು ತಡಮಾಡದೆ. "ಬೆಳಿಗ್ಗೆ ಅವನು ಹತ್ತನೇ ಮಹಡಿ ಬಾಗಿಲ ಹತ್ರ ಇರೋ ಬಟನ್ ಒತ್ತಿ ಲಿಫ್ಟ್ ಕರೀತಾನೆ, ಅದು ಬರತ್ತೆ. ಸಂಜೆ ಲಿಫ್ಟ್ ಒಳಗೆ ಎಂಟು, ಒಂಬತ್ತು, ಹತ್ತು ಒತ್ತಿದ್ರೆ ಏನೂ ಆಗಲ್ಲ. ಆ ಮೂರರ ವೈರ್ ಕಟ್ಟಾಗಿರ್ಬೇಕು. ಅವನು ಕಂಪ್ಲೇಂಟ್ ಕೊಡ್ಬೇಕಿತ್ತು."

ಹೊರಗೆ ಲಿಫ್ಟಮ್ಮನ ಎದೆ ಉಬ್ಬಿತು. ಕಂಪನಿಯ ಹೊಸ ಹುಡುಗರಲ್ಲಿ ಅರ್ಧಕ್ಕರ್ಧ ಜನಕ್ಕೆ ಇಷ್ಟು ಹೊಳೆಯುವುದಿಲ್ಲ.

"ಅಲ್ಲ ಪುಟ್ಟಾ," ಎಂದರು ಮೇಡಂ ನಗುತ್ತ. "ಅವನು ಕುಳ್ಳ. ಹತ್ತನೇ ಬಟನ್ ಅವನ ಕೈಗೆ ಎಟುಕಲ್ಲ."

"ಕೋಲಲ್ಲಿ ಒತ್ಬಹುದಲ್ಲ? ಮತ್ತೆ ಗಾಲಿಕುರ್ಚಿಯವರಿಗೂ ಎಟುಕೋ ಹಾಗೇ ಬಟನ್ ಇಡ್ಬೇಕು ಅಂತ ರೂಲ್ ಇದೆ."

ಒಳಗಿದ್ದ ಮೂವರೂ ಗೊಳ್ಳೆಂದು ನಕ್ಕರು. ನಿಮ್ಮ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರು. ಲಿಫ್ಟ್ ಮೆಕ್ಯಾನಿಕ್ ಎಂದಳು ಚೂಟಿ. "ಓ, ಹಾಗೆ ಹೇಳು ಮತ್ತೆ!" ಎಂದು ಇನ್ನೊಂದು ಸುತ್ತು ನಗು. ಹುಡುಗಿ ಹೊರಗೆ ಬರುತ್ತಿದ್ದಂತೆ, ಅವಳ ಬೆನ್ನ ಹಿಂದೆಯೇ, ಮೇಡಂ ಪಕ್ಕದವರಿಗೆ ಹೇಳಿದ ಮಾತೂ ಆ ಹಾಳು ಬಾಗಿಲ ಸಂದಿಯಿಂದ ಕೇಳಿಸಿತು. "ಕಲ್ಪನೆ ಅನ್ನೋದೇ ಇರಲ್ಲ ಇಂಥ ಮಕ್ಕಳಿಗೆ. ಮನೇಲಿ ಏನಿದೆಯೋ ಅಷ್ಟೇ."

ಚೂಟಿಗೂ ಅದು ಕೇಳಿಸಿತ್ತು.

ಹತ್ತು ದಿನಕ್ಕೆ ಕಾಗದ ಬಂತು. ಚೂಟಿಯೇ ಒಡೆದು ಗಟ್ಟಿಯಾಗಿ ಓದಿದಳು. "ಮಗುವಿನ ಉತ್ತರಗಳು ಮನೆಯ ಪರಿಸರಕ್ಕೆ ಸೀಮಿತವಾಗಿವೆ. ಕಲ್ಪನಾಶಕ್ತಿ ವಯೋಮಾನಕ್ಕೆ ತಕ್ಕಷ್ಟಿದೆ. ಆಯ್ಕೆ ಮಾಡಲಾಗಿಲ್ಲ." ಓದಿ ಮುಗಿಸಿ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿ, ಲಕೋಟೆಯೊಳಗೆ ಹಾಕಿ, ಮೇಜಿನ ಮೇಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಲಿಫ್ಟಮ್ಮನಿಗೆ ಏನು ಮಾಡಬೇಕೆಂದು ಗೊತ್ತಿತ್ತು.

"ಬಿಡು ಮಗಳೇ, ಅದೊಂದು ದರಿದ್ರ ಕೇಂದ್ರ," ಎಂದಳು ಲಿಫ್ಟಮ್ಮ. "ಅವರು ಯಾರು ನಿನ್ನ ಅಳೆಯೋಕೆ?"

ಅಪ್ಪ ಪಕ್ಕ ಕೂತು ತಲೆ ಸವರಿದ. "ದೂರದರ್ಶಕ ನಾನೇ ತೋರಿಸ್ತೀನಿ, ಎಲ್ಲಾದ್ರೂ ಒಂದು ಕಡೆ ಸಿಕ್ಕೇ ಸಿಗುತ್ತೆ," ಎಂದ. ಚೂಟಿ ಹೂಂ ಎಂದಳು. ಅವಳು ಹೂಂ ಎಂದು ಸುಮ್ಮನಾದದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಆಮೇಲಿನದೇ ಲಿಫ್ಟಮ್ಮನ ನಿದ್ದೆ ಕೆಡಿಸಿದ್ದು. ಹುಡುಗಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಶಾಲೆಯಲ್ಲಿ ಟೀಚರು ಏನಾದರೂ ಕೇಳಿದರೆ ಪಕ್ಕದವಳ ಮುಖ ನೋಡಿ, ಅವಳು ಹೇಳಿದ್ದನ್ನೇ ಹೇಳುತ್ತಾಳಂತೆ. ಒಂದು ಸಂಜೆ ಅಡುಗೆಮನೆಯ ನಲ್ಲಿ ಸೋರುತ್ತಿದ್ದಾಗ, ಬೇಕೆಂದೇ ಲಿಫ್ಟಮ್ಮ "ಇದು ಯಾಕೆ ಸೋರ್ತಿದೆ ಹೇಳು ನೋಡೋಣ?" ಎಂದು ಕೆಣಕಿದಳು. ಚೂಟಿ ನಲ್ಲಿಯನ್ನು ನೋಡಿದಳು, ಬಾಯಿ ತೆರೆದಳು, ತಟ್ಟನೆ ಮುಚ್ಚಿದಳು. "ನಿಂಗೇನು ಉತ್ತರ ಬೇಕು?" ಎಂದು ಕೇಳಿದಳು.

ಆ ಮಾತಿಗೆ ಲಿಫ್ಟಮ್ಮನ ಮೈಯೆಲ್ಲ ಉರಿಯಿತು. ಉರಿದದ್ದು ಮಗಳ ಮೇಲಲ್ಲ. ತನ್ನ ಮಗಳ ತಲೆಯಲ್ಲಿ ಓಡುತ್ತಿದ್ದ ಚಕ್ರವನ್ನು ಒಬ್ಬ ಹೆಂಗಸು ನಗುನಗುತ್ತ ನಿಲ್ಲಿಸಿ, ಕೈ ಒರೆಸಿಕೊಂಡು, ಮುಂದಿನ ಮಗುವನ್ನು ಒಳಗೆ ಕರೆದಿದ್ದಳಲ್ಲ. ಅವಳಿಗೆ ಅದರ ನೆನಪೂ ಇರಲಾರದು. ನೆನಪಿರುವ ಹಾಗೆ ಮಾಡಬೇಕು ಎಂದು ಲಿಫ್ಟಮ್ಮ ಅಲ್ಲೇ, ಸೋರುವ ನಲ್ಲಿಯ ಮುಂದೆ, ಹಲ್ಲು ಕಡಿದು ನಿಶ್ಚಯಿಸಿದಳು.

ಹೇಗೆ ಎನ್ನುವುದನ್ನು ಮೇಡಂ ಅವರೇ ಹೇಳಿಕೊಟ್ಟಿದ್ದರು. ಮೂರು ಮಹಡಿ ಹತ್ತಲಿ.

ಕೆಲಸ ಸುಲಭ. ಮೆಷಿನ್ ರೂಮಿನ ಪ್ಯಾನೆಲ್ಲಿಗೆ ತನ್ನ ಚೀಲದಲ್ಲಿದ್ದ ಅಂಗೈಯಗಲದ ಕೀಪ್ಯಾಡ್ ಸಿಕ್ಕಿಸಿ, ಯಾವ ಮಹಡಿ ಬೇಡವೋ ಅದನ್ನು ಮುಚ್ಚಿಬಿಟ್ಟರೆ ಲಿಫ್ಟು ಅಲ್ಲಿಗೆ ಹೋಗುವುದಿಲ್ಲ. ಆ ಮಹಡಿಯಲ್ಲಿ ಬಣ್ಣ ಹೊಡೆಯುವಾಗಲೋ, ನೆಲ ಅಗೆಯುವಾಗಲೋ ಬಳಸುವ ಸವಲತ್ತು ಅದು. ಲಿಫ್ಟಮ್ಮ ಐದು, ಆರು, ಏಳನ್ನು ಮುಚ್ಚಿದಳು. ಹಗ್ಗ, ಬ್ರೇಕು, ಬಾಗಿಲು ಯಾವುದನ್ನೂ ಮುಟ್ಟಲಿಲ್ಲ. ಎಷ್ಟೇ ಸಿಟ್ಟಿದ್ದರೂ ಕಸುಬಿಗೆ ದ್ರೋಹ ಮಾಡುವವಳಲ್ಲ. ಲಿಫ್ಟು ನಾಲ್ಕರಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ನೆಲಕ್ಕೆ ಸಮನಾಗಿ ನಿಂತು, ವಿನಯದಿಂದ ಬಾಗಿಲು ತೆರೆಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಮಾತ್ರ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ.

ಮೇಡಂ ಬರುವುದು ಒಂಬತ್ತಕ್ಕೆ. ಅವರು ಮೇಲೆ ಸೇರಿ, ಕುರ್ಚಿಯಲ್ಲಿ ಕುಸಿದು, ನೀರು ಕುಡಿದಾದ ಮೇಲೆ, ಒಂಬತ್ತೂಕಾಲಿಗೆ ಲಿಫ್ಟಮ್ಮ ಮಹಡಿಗಳನ್ನು ಬಿಡಿಸುವಳು. ಆರನೇ ಮಹಡಿಯ ಹಲ್ಲಿನ ಡಾಕ್ಟರ ರೋಗಿಗಳು ಬರುವುದು ಹತ್ತರ ಮೇಲೆ, ಅವರಿಗೆ ತೊಂದರೆಯಿಲ್ಲ. ತೊಂದರೆಯಾದದ್ದು ನೆಲ ಒರೆಸುವ ಆಯಾಗೆ. ಮೊದಲ ದಿನ ಆಕೆ ಎರಡು ಬಕೆಟ್ ನೀರು ಹಿಡಿದು ನಾಲ್ಕರಲ್ಲಿ ನಿಂತದ್ದನ್ನು ಕಂಡು ಲಿಫ್ಟಮ್ಮ ನಾಲಿಗೆ ಕಚ್ಚಿಕೊಂಡಳು. ಅಂದಿನಿಂದ ಆಯಾಳ ಬಕೆಟ್ಟುಗಳನ್ನು ತಾನೇ ಹೊತ್ತು ಆರಕ್ಕೆ ಮುಟ್ಟಿಸತೊಡಗಿದಳು. ಆಯಾ ಹರಸಿದ್ದೇ ಹರಸಿದ್ದು. ಇಂಥ ಸೇಡು ತೀರಿಸಿಕೊಳ್ಳಲು ಸೊಂಟ ಗಟ್ಟಿಯಿರಬೇಕು.

ಕೆಲವು ಬೆಳಿಗ್ಗೆ ಬೇಕೆಂದೇ ಚೀಲ ಹೆಗಲಿಗೇರಿಸಿ ಮೇಡಂ ಹಿಂದೆಯೇ ಮೆಟ್ಟಿಲು ಹತ್ತುವಳು. ಐದರ ತಿರುವಿನಲ್ಲಿ ಅವರನ್ನು ದಾಟುತ್ತ, "ನಿಧಾನ ಮೇಡಂ, ಆರಾಮಾಗಿ ಬನ್ನಿ, ಇನ್ನೆರಡೇ ಮಹಡಿ," ಎನ್ನುವಳು ಜೇನು ಸುರಿಯುವ ದನಿಯಲ್ಲಿ.

"ಏನಮ್ಮಾ ಇದು, ದಿನಾ ಇದೇ ಗೋಳು?"

"ಹಳೇ ಲಿಫ್ಟು ಮೇಡಂ. ಅದಕ್ಕೂ ವಯೋಮಾನಕ್ಕೆ ತಕ್ಕಷ್ಟೇ ಶಕ್ತಿ."

ಮೇಡಂಗೆ ಆ ಪದಗಳು ಎಲ್ಲೋ ಕೇಳಿದಂತೆಯೂ ಅನಿಸಲಿಲ್ಲ. ಅದು ಲಿಫ್ಟಮ್ಮನ ಉರಿಗೆ ಇನ್ನಷ್ಟು ಎಣ್ಣೆ ಹೊಯ್ದಿತು.

ಎರಡನೇ ವಾರ ಮೇಡಂ ಎತ್ತರದ ಹಿಮ್ಮಡಿ ಬಿಟ್ಟು ಚಪ್ಪಟೆ ಚಪ್ಪಲಿಗೆ ಇಳಿದರು. ಲಿಫ್ಟಮ್ಮ ನಾಲ್ಕನೆಯದನ್ನೂ ಮುಚ್ಚಿದಳು, ಈಗ ನಾಲ್ಕು ಮಹಡಿ ಹತ್ತಬೇಕು. ಒಂದು ದಿನ ಮೇಡಂ ಉಪಾಯ ಮಾಡಿ ಎಂಟಕ್ಕೇ ಬರುವುದಾಗಿ ಹಿಂದಿನ ಸಂಜೆ ವಾಚ್‌ಮನ್ ತಾತನಿಗೆ ಹೇಳಿದರು. ಬೇಗ ಬಾಗಿಲು ತೆಗೆಯಬೇಕಲ್ಲ ಎಂದು ತಾತ ಗೊಣಗಿದ್ದು ಲಿಫ್ಟಮ್ಮನ ಮುಂದೆ. ಅವಳು ಏಳೂಮುಕ್ಕಾಲಿಗೇ ಹಾಜರ್. "ಈ ಲಿಫ್ಟಿಗೂ ಆ ಮೇಡಂಗೂ ಹೋದ ಜನ್ಮದ ಹಗೆ ಕಣಮ್ಮಾ," ಎಂದ ತಾತ ಅವತ್ತು, ಕಣ್ಣರಳಿಸಿ. "ಅವರು ಬಂದ್ರು ಅಂದ್ರೆ ಸಾಕು, ಮೊಂಡು ಹಿಡಿಯುತ್ತೆ."

ಗಂಡನಿಗೆ ಮಾತ್ರ ವಿಷಯ ಗೊತ್ತಿತ್ತು. ಹೇಳದೆ ಅವಳಿಂದ ಇರಲಾಗಲಿಲ್ಲ. ಮೊದಲ ದಿನ ಅವನೂ ನಕ್ಕ, ಸುಳ್ಳು ಹೇಳಬಾರದು. ಎರಡನೇ ವಾರ ನಗಲಿಲ್ಲ.

"ಸಾಕು ನಿಲ್ಸೇ," ಎಂದ. "ಸಿಕ್ಕಿ ಬಿದ್ರೆ ಕೆಲಸ ಹೋಗುತ್ತೆ. ಮತ್ತೆ ಆ ಮೇಡಂ ಮಹಡಿ ಹತ್ತಿದ್ರೆ ನಮ್ಮ ಮಗು ಮಾತಾಡುತ್ತಾ?"

"ನಂಗೆ ಸಮಾಧಾನ ಆಗುತ್ತಲ್ರೀ."

"ನಿಂಗೆ ಆಗುತ್ತೆ. ಮಗಳಿಗೆ?"

ಲಿಫ್ಟಮ್ಮ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಚೂಟಿ ಪಕ್ಕದ ಕೋಣೆಯಲ್ಲಿ, ಎರಡು ಸಾಲಿನ ಪುಸ್ತಕದಲ್ಲಿ ಅಕ್ಷರಗಳನ್ನು ಗೆರೆ ಮೀರದಂತೆ ಬರೆಯುತ್ತಿದ್ದಳು. ಇತ್ತೀಚೆಗೆ ಅವಳಿಗೆ ಅಕ್ಷರ ದುಂಡಗೆ ಬರುತ್ತಿದೆ ಎಂದು ಟೀಚರು ಹೊಗಳಿದ್ದರಂತೆ. ಅದನ್ನು ಕೇಳಿದರೂ ಲಿಫ್ಟಮ್ಮನಿಗೆ ಮೇಡಂ ಮೇಲೆಯೇ ಸಿಟ್ಟು ಬರುತ್ತಿತ್ತು.

ಮೂರನೇ ವಾರ ಮೇಡಂ ಕಂಪನಿಗೆ ಖಾರವಾಗಿ ಬರೆದರು. ಸೂಪರ್‌ವೈಸರ್ ಲಿಫ್ಟಮ್ಮನಿಗೆ ಫೋನ್ ಮಾಡಿ, "ಶನಿವಾರ ಹೋಗಿ ಅದೇನು ಅಂತ ನೋಡಮ್ಮಾ, ಆ ಮೇಡಂ ತಾವೇ ನಿಂತು ತೋರಿಸ್ತಾರಂತೆ," ಎಂದ. ಅವನಿಗೆ ಅವಳ ಮೇಲೆ ಕುರುಡು ನಂಬಿಕೆ. ಲಿಫ್ಟಮ್ಮ ಶನಿವಾರಕ್ಕೆ ಒಂದು ಭರ್ಜರಿ ನಾಟಕ ಹೆಣೆದಳು. ಪ್ಯಾನೆಲ್ ಬಿಚ್ಚುವುದು, ಟಾರ್ಚ್ ಹಾಕಿ ನೋಡುವುದು, ಮುಖ ಸಣ್ಣ ಮಾಡುವುದು, ಒಂದು ಬಿಡಿಭಾಗ ದೂರದಿಂದ ಬರಬೇಕು ಮೇಡಂ, ಒಂದು ತಿಂಗಳಾದರೂ ಆಗುತ್ತೆ ಎನ್ನುವುದು. ಇನ್ನೊಂದು ತಿಂಗಳು ಹತ್ತಲಿ, ಇಡೀ ಏಳು ಮಹಡಿ.

ಶನಿವಾರ ಗಂಡನಿಗೆ ಡ್ಯೂಟಿ, ಶಾಲೆಗೆ ರಜೆ. ಚೂಟಿಯನ್ನು ಜೊತೆಗೆ ಕರೆದುಕೊಂಡು ಹೋಗದೆ ಬೇರೆ ದಾರಿ ಇರಲಿಲ್ಲ. ಕಟ್ಟಡದ ಮುಂದೆ ಬಂದಾಗ ಹುಡುಗಿ ಏಳನೇ ಮಹಡಿಯ ಕಿಟಕಿಗಳತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಲಿಫ್ಟಮ್ಮ ಅವಳನ್ನು ತಾತನ ಕುರ್ಚಿಯ ಪಕ್ಕ ಕೂರಿಸಿ, ಮೇಲೆ ಹೋಗಿ, ಐದು, ಆರು, ಏಳನ್ನು ಮುಚ್ಚಿ ಬಂದಳು. ಮೇಡಂಗೆ ತೋರಿಸಲಿಕ್ಕೆ ಒಂದು ತೊಂದರೆ ಇರಬೇಕಲ್ಲ.

ಮೇಡಂ ಬಂದರು. ಲಿಫ್ಟಮ್ಮನ ಪಕ್ಕ ನಿಂತಿದ್ದ ಹುಡುಗಿಯನ್ನು ನೋಡಿದರು, ಗುರುತು ಹತ್ತಲಿಲ್ಲ. ಎದುರಿಗೇ ಕೂರಿಸಿಕೊಂಡು ನಕ್ಕ ಮುಖ, ಇನ್ನೂ ಎರಡು ತಿಂಗಳಾಗಿಲ್ಲ. ಲಿಫ್ಟಮ್ಮ ಒಳಗೊಳಗೇ ಕುದಿದಳು.

"ನೋಡಿ," ಎಂದು ಮೇಡಂ ಇಬ್ಬರನ್ನೂ ಲಿಫ್ಟಿನೊಳಗೆ ಕರೆದು ಏಳನ್ನು ಒತ್ತಿದರು. ದೀಪ ಹತ್ತಲಿಲ್ಲ. ಆರು, ಐದು ಒತ್ತಿದರು. ಅವೂ ಹತ್ತಲಿಲ್ಲ. ನಾಲ್ಕು ಒತ್ತಿದರು, ಲಿಫ್ಟು ಸುಯ್ಯನೆ ಏರಿ ನಾಲ್ಕರಲ್ಲಿ ನಿಂತು ಬಾಗಿಲು ತೆರೆಯಿತು. "ಬೆಳಿಗ್ಗೆ ಒಂಬತ್ತಕ್ಕೆ ಕೆಡುತ್ತೆ, ಒಂಬತ್ತೂಕಾಲಿಗೆ ತಾನೇ ಸರಿಹೋಗುತ್ತೆ. ಒಂದಿನ ನಾನು ಎಂಟಕ್ಕೇ ಬಂದೆ. ಅವತ್ತು ಎಂಟಕ್ಕೇ ಕೆಟ್ಟಿತ್ತು! ಒಂದು ವಾರ ಅಂತೂ ಮೂರನೇ ಮಹಡಿಗೇ ನಿಂತುಬಿಡ್ತಿತ್ತು. ನಂಗೆ ತಲೆ ಕೆಟ್ಟುಹೋಗಿದೆ."

"ದೊಡ್ಡ ತೊಂದರೆ ಇದ್ದ ಹಾಗಿದೆ ಮೇಡಂ," ಎಂದು ಲಿಫ್ಟಮ್ಮ ಮುಖ ಸಣ್ಣ ಮಾಡಿದಳು.

ಚೂಟಿ ಬಟನ್‌ಗಳನ್ನೇ ನೋಡುತ್ತಿದ್ದಳು. ಮೂರನ್ನೂ ಒಂದೊಂದಾಗಿ ತಾನೂ ಒತ್ತಿದಳು. ಆಮೇಲೆ ಯಾರಿಗೂ ಹೇಳದೆ ಲಿಫ್ಟಿನಿಂದ ಇಳಿದು ಮೆಟ್ಟಿಲು ಹತ್ತಿ ಓಡಿದಳು. ಮೇಲಿನಿಂದ ಅವಳು ಬಟನ್ ಒತ್ತುವ ಸದ್ದು ಐದರಲ್ಲಿ ಕೇಳಿತು, ಆರರಲ್ಲಿ ಕೇಳಿತು. ಲಿಫ್ಟು ಕದಲಲಿಲ್ಲ. ಧಡಧಡನೆ ಇಳಿದು ಬಂದ ಹುಡುಗಿಯ ಕೆನ್ನೆ ಕೆಂಪಾಗಿತ್ತು, ಕಣ್ಣು ಮಿನುಗುತ್ತಿತ್ತು. ಲಿಫ್ಟಮ್ಮ ಆ ಕಣ್ಣುಗಳನ್ನು ನೋಡಿ ಎಷ್ಟು ದಿನವಾಗಿತ್ತು! ಒಂದು ಗಳಿಗೆ ಅವಳಿಗೆ ಮೇಡಂ ಪಕ್ಕದಲ್ಲಿದ್ದಾರೆ ಎನ್ನುವುದೇ ಮರೆತುಹೋಯಿತು.

"ಇದು ಕೆಟ್ಟಿಲ್ಲ ಅಮ್ಮಾ!" ಎಂದಳು ಚೂಟಿ. "ಒಳಗಿನ ಬಟನ್ನೂ ಕೆಲಸ ಮಾಡ್ತಿಲ್ಲ, ಹೊರಗಿನದೂ ಮಾಡ್ತಿಲ್ಲ. ಎರಡರ ವೈರ್ ಬೇರೆ ಬೇರೆ, ಒಟ್ಟಿಗೆ ಕಟ್ಟಾಗಲ್ಲ. ಲಿಫ್ಟ್ ನಿಲ್ಲೋದೂ ಸರಿಯಾಗಿ ನಿಲ್ತಿದೆ. ಮತ್ತೆ, ಕೆಟ್ಟಿದ್ರೆ ಅದಕ್ಕೆ ಮೇಡಂ ಎಂಟಕ್ಕೆ ಬರೋದು ಹೆಂಗೆ ಗೊತ್ತಾಗುತ್ತೆ? ಯಾರೋ ಬೇಕಂತಲೇ ಆ ಮಹಡಿಗಳನ್ನ ಮುಚ್ಚಿದಾರೆ. ಮೇಲೆ ಪ್ಯಾನೆಲ್ಲಲ್ಲಿ. ಅದು ಮಾಡ್ಬೇಕು ಅಂದ್ರೆ ಕೀಪ್ಯಾಡ್..."

ಅಲ್ಲಿಗೆ ನಿಂತಳು. ಅವಳ ಕಣ್ಣು ಅಮ್ಮನ ಹೆಗಲ ಚೀಲಕ್ಕೆ ಹೋಯಿತು, ಅಲ್ಲಿಂದ ಅಮ್ಮನ ಮುಖಕ್ಕೆ ಬಂತು. ಮಗಳಿಗೆ ಗೊತ್ತಾಗಿಹೋಯಿತು. ಕಂಪನಿಯವರಿಗೆ, ತಾತನಿಗೆ, ಇಷ್ಟು ಓದಿಕೊಂಡ ಮೇಡಂಗೆ ಮೂರು ವಾರದಲ್ಲಿ ಗೊತ್ತಾಗದ್ದು ಅವಳಿಗೆ ಮೂರು ನಿಮಿಷದಲ್ಲಿ ಗೊತ್ತಾಗಿಹೋಯಿತು.

ಮೇಡಂ ನಕ್ಕರು. ಅದೇ ನಗು, ಬಾಗಿಲ ಸಂದಿಯಿಂದ ಕೇಳಿದ್ದು.

"ಸುಮ್ನಿರು ಪುಟ್ಟಾ, ದೊಡ್ಡವರು ಮಾತಾಡ್ತಿದೀವಿ. ಬೇಕಂತ ಯಾರಾದ್ರೂ ಇಂಥದ್ದು ಮಾಡ್ತಾರಾ? ನಿನ್ನ ಕಲ್ಪನೆ ಸ್ವಲ್ಪ ಜಾಸ್ತಿಯಾಯ್ತು."

ಚೂಟಿಯ ಮುಖದ ಬೆಳಕು ಹೋಯಿತು. ಅವಳು ಮೇಡಂ ಕಡೆ ನೋಡಲಿಲ್ಲ, ಅಮ್ಮನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ, "ಹೌದು. ನಾನು ಹೇಳಿದ್ದು ತಪ್ಪು," ಎಂದಳು. "ವೈರ್ ಕಟ್ಟಾಗಿರ್ಬೇಕು."

ಲಿಫ್ಟಮ್ಮ ಸುಮ್ಮನಿದ್ದರೆ ಸಾಕಿತ್ತು. ಹೌದು ಮೇಡಂ, ಮಕ್ಕಳು ಏನೋ ಹೇಳ್ತವೆ ಎಂದು ಒಂದು ಮಾತು ಸೇರಿಸಿದರೆ ಕೆಲಸವೂ ಉಳಿಯುತ್ತಿತ್ತು, ಸೇಡೂ ಇನ್ನೊಂದು ತಿಂಗಳು ಬೆಳೆಯುತ್ತಿತ್ತು. ಮಗಳು ಅದನ್ನೇ ತಾನೇ ಅಮ್ಮನ ಕೈಗಿಟ್ಟಿದ್ದು? ತನ್ನ ತಲೆ ತಪ್ಪು ಎಂದು ಒಪ್ಪಿಕೊಂಡು ಅಮ್ಮನನ್ನು ಉಳಿಸಲು ನಿಂತಿದ್ದಳು, ಒಂಬತ್ತು ವರ್ಷದ ಹುಡುಗಿ. ಈ ಸಲ ತಪ್ಪು ಎಂದರೆ ಅವಳು ಆಯುಷ್ಯವಿಡೀ ಪಕ್ಕದವಳ ಮುಖ ನೋಡಿಯೇ ಉತ್ತರ ಹೇಳುತ್ತಾಳೆ ಎನ್ನುವುದು ಲಿಫ್ಟಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ತಪ್ಪಲ್ಲ," ಎಂದಳು ಲಿಫ್ಟಮ್ಮ. "ಅವಳು ಹೇಳಿದ್ದು ಸರಿ. ಮುಚ್ಚಿದ್ದು ನಾನೇ."

ಮೇಡಂ ಅವಳನ್ನೇ ನೋಡಿದರು, ಅರ್ಥವಾಗದವರ ಹಾಗೆ.

"ಮೂರು ವಾರದಿಂದ ಮುಚ್ತಿರೋಳು ನಾನೇ, ಮೇಡಂ. ನೀವು ಬರೋ ಹೊತ್ತಿಗೆ ಮುಚ್ತಿದ್ದೆ, ಹತ್ತಿದ ಮೇಲೆ ಬಿಡಿಸ್ತಿದ್ದೆ. ಇವಳು ನನ್ನ ಮಗಳು. ನಿಮ್ಮ ಕೋಣೇಲಿ ಲಿಫ್ಟಿನ ಪ್ರಶ್ನೆ ಕೇಳಿ ನಕ್ಕಿದ್ರಲ್ಲ, ಆ ಹುಡುಗಿ. ಕಲ್ಪನೆಯೇ ಇಲ್ಲ ಅಂದಿದ್ರಿ. ಇವತ್ತು ಜಾಸ್ತಿಯಾಯ್ತು ಅಂತೀರಿ. ನಿಮಗೆ ಯಾವ ಅಳತೆ ಬೇಕು ಅಂತ ನೀವೇ ಮೊದಲು ತೀರ್ಮಾನ ಮಾಡ್ಕೊಳ್ಳಿ."

ಮೇಡಂ ಮುಖ ಕೆಂಡವಾಯಿತು. "ನಿನ್ನ... ನಿನ್ನ ಕೆಲಸ ತೆಗೆಸ್ತೀನಿ ನಾನು!"

"ತೆಗೆಸಿ," ಎಂದಳು ಲಿಫ್ಟಮ್ಮ. "ಅದು ನಿಮ್ಮ ಹಕ್ಕು. ಆದ್ರೆ ಇವತ್ತು ಏಳನೇ ಮಹಡಿಗೆ ಮಾತ್ರ ಹತ್ತಿಕೊಂಡೇ ಹೋಗಿ. ಬಿಡಿಸೋಕೆ ನಂಗಿನ್ನೂ ಮನಸ್ಸಾಗಿಲ್ಲ."

ಮೇಡಂ ಪರ್ಸಿನಲ್ಲಿ ಫೋನಿಗಾಗಿ ತಡಕಾಡಿದರು. ಲಿಫ್ಟಮ್ಮನಿಗೆ ಅದು ನೋಡಲು ಚೆಂದವಾಗಿಯೇ ಇತ್ತು. ಹೋದರೆ ಹೋಗಲಿ ಹದಿನಾರು ವರ್ಷದ ಕೆಲಸ, ಈ ಮುಖ ನೋಡಿದ್ದು ಲಾಭ ಎಂದುಕೊಂಡು, ಗೆದ್ದವಳ ಹಾಗೆ ಮಗಳ ಕಡೆ ತಿರುಗಿದಳು.

ಚೂಟಿ ಅಳುತ್ತಿದ್ದಳು. ಕಾಗದ ಬಂದ ದಿನ ಅಳದವಳು, ಈಗ ಮೂಗು ಒರೆಸಿಕೊಳ್ಳಲೂ ಹೋಗದೆ ಅಳುತ್ತಿದ್ದಳು.

"ಏನಾಯ್ತೇ ಮಗಳೇ? ಹೆದರ್ಬೇಡ, ಅಮ್ಮಂಗೆ ಬೇರೆ ಕೆಲಸ ಸಿಗುತ್ತೆ."

"ಅದಲ್ಲ," ಎಂದಳು ಚೂಟಿ ಬಿಕ್ಕುತ್ತ. "ಹಾಗಾದ್ರೆ ಅವತ್ತು ಸಂದರ್ಶನದಲ್ಲಿ ನಾನು ಹೇಳಿದ್ದು? ವೈರ್ ಕಟ್ಟಾಗಿರ್ಬೇಕು ಅಂದಿದ್ದು? ಅದೂ ಸರಿ ಇತ್ತಾ?"

ಅವತ್ತು ಬೆಂಚಿನ ಮೇಲೆ ಕೂತಾಗ ಲಿಫ್ಟಮ್ಮನ ಎದೆ ಉಬ್ಬಿತ್ತು. ಕಾಗದ ಬಂದಾಗ ದರಿದ್ರ ಕೇಂದ್ರ ಎಂದು ಬೈದಿದ್ದಳು, ಅವರು ಯಾರು ನಿನ್ನ ಅಳೆಯೋಕೆ ಎಂದಿದ್ದಳು. ಗಂಡನ ಜೊತೆ ಮೇಡಂನ ಏದುಸಿರಿನ ವರ್ಣನೆ ಮಾಡಿದ್ದಳು. ನೀನು ಹೇಳಿದ ಉತ್ತರ ಸರಿಯಾಗಿತ್ತು ಎಂದು ಮಗಳಿಗೆ ಒಂದು ಸಲವೂ ಹೇಳಿರಲಿಲ್ಲ. ಅದು ಅವಳಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದಳು.

ಅವಳು ಮೊಣಕಾಲೂರಿ ಮಗಳ ಮುಂದೆ ಕೂತಳು.

"ಸರಿ ಇತ್ತು ಕಣೇ. ಪೂರ್ತಿ ಸರಿ ಇತ್ತು. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ. ಅವತ್ತೇ ನಿಂಗೆ ಹೇಳ್ಬೇಕಿತ್ತು ನಾನು."

"ಹೌದು," ಎಂದಳು ಚೂಟಿ, ಅಳು ನಿಲ್ಲಿಸಿ. "ಹೇಳ್ಬೇಕಿತ್ತು."

ಆ ಮಾತಿನಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ. ಲಿಫ್ಟಮ್ಮ ಮಗಳನ್ನು ಹಿಡಿಯಲೆಂದು ಕೈ ಚಾಚಿದಳು. ಚೂಟಿ ಒಂದು ಹೆಜ್ಜೆ ಹಿಂದೆ ಸರಿದು, ತೋಳಿನಿಂದ ಮೂಗು ಒರೆಸಿಕೊಂಡು, ಮೆಟ್ಟಿಲ ಕಡೆಗೆ ನಡೆದಳು. ಹಿಂದೆ ಮೇಡಂ ಫೋನಿನಲ್ಲಿ ಸೂಪರ್‌ವೈಸರನ ಮೇಲೆ ಕಿರುಚುತ್ತಿದ್ದರು. ಲಿಫ್ಟಮ್ಮನಿಗೆ ಅದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.